ಬಿಚ್ಚದ ಕೊಡೆಯವರು

ನನ್ನ ಅಂಗಡಿಯ ಮೊಳೆಯೊಂದರಲ್ಲಿ ಹಳೆಯ ಕೊಡೆಬಟ್ಟೆಯ ತುಂಡೊಂದು ನೇತಾಡುತ್ತಿರುತ್ತದೆ. ಒಂದು ಕಾಲಕ್ಕೆ ಕಪ್ಪಗಿದ್ದದ್ದು ಈಗ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಕೈಗೆ ಎಣ್ಣೆ ಮೆತ್ತಿದಾಗ ಅದಕ್ಕೇ ಒರೆಸಿಕೊಳ್ಳುತ್ತೇನೆ. ಮೊನ್ನೆ ನನ್ನ ಹೆಂಡತಿ ಕರುಣ ಅಂಗಡಿ ಗುಡಿಸಲು ಬಂದವಳು ಅದನ್ನು ಕಸದ ಜೊತೆ ಸೇರಿಸಿಬಿಟ್ಟಳು.

"ಅದ ಬುಡು. ಅದು ನಮ್ಮ ಸಂಘದ ಮೂಲಪುರುಷರದು" ಅಂದೆ.

ಅವಳು ಬಟ್ಟೆಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು ನೋಡಿದಳು. "ಮೂಲಪುರುಷರ ಬಟ್ಟೇಲಿ ಇಷ್ಟ್ ದಿನ ಗ್ರೀಸ್ ಒರಸ್ತಿದ್ರಾ?"

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಸ್ವಲ್ಪ ಸುತ್ತಾಡಿಕೊಂಡು ಬರಬೇಕು. ಬರೆಯುವುದಕ್ಕೆ ನನಗೆ ಅಡ್ಡಿಯೇನೂ ಇಲ್ಲ. ಸಂಘದ ಅಧ್ಯಕ್ಷರಾಗಿದ್ದ ಪ್ರಭುದಾಸ ಮೇಷ್ಟ್ರೇ ಒಂದು ದಿನ ಅಪ್ಪಣೆ ಕೊಟ್ಟಿದ್ದರು, "ಬರಿ, ಆದರೆ ನಾನು ಹೋದ ಮೇಲೆ ಬರಿ" ಎಂದು. ಈಗ ಅವರು ಹೋಗಿ ಒಂದು ಮಳೆಗಾಲ ಕಳೆದಿದೆ. ನಾನು ಓದಿದ್ದು ಆರನೇ ಕ್ಲಾಸು, ಅದೂ ಅರ್ಧ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಕೊಡೆಯ ವಿಷಯದಲ್ಲಿ ಮಾತ್ರ ನನ್ನನ್ನು ತಿದ್ದಲು ಬರಬೇಡಿ. ಚಾಮರಾಜನಗರದಲ್ಲಿ ಕೊಡೆ ರಿಪೇರಿ ಎಂದರೆ ನಾನೇ.

ಊರಿನ ನಮ್ಮ ಪುಟ್ಟ ಪ್ರಾಟೆಸ್ಟೆಂಟ್ ಸಭೆಯಲ್ಲಿ ಗಂಡಸರ ಸಂಘವೊಂದಿದೆ. ರಿಜಿಸ್ಟರಿನಲ್ಲಿ ಅದಕ್ಕೊಂದು ಉದ್ದನೆಯ ಹೆಸರಿದೆ, ಅದನ್ನು ಪೂರ್ತಿ ಹೇಳಿದವರನ್ನು ನಾನು ಕಂಡಿಲ್ಲ. ಊರಿಗೆಲ್ಲ ಅವರು 'ಕೊಡೆಯವರು'. ಸದಸ್ಯನಾದವನು ಬಾಗಿದ ಹಿಡಿಯ ಕರಿ ಕೊಡೆಯೊಂದನ್ನು ಇಟ್ಟುಕೊಳ್ಳಬೇಕು. ವರ್ಷಕ್ಕೊಂದು ಭಾನುವಾರ ಎಲ್ಲರೂ ಆ ಕೊಡೆ ಹಿಡಿದು, ಹಾರ್ಮೋನಿಯಂ ಬಾರಿಸುತ್ತ ಕೀರ್ತನೆ ಹಾಡುತ್ತ, ಚರ್ಚಿನಿಂದ ಸಮಾಧಿ ತೋಟದವರೆಗೆ ನಡೆಯಬೇಕು. ನಡೆಯುವಾಗ ಕೊಡೆ ಬಿಚ್ಚಕೂಡದು. ಬಿಸಿಲಿರಲಿ, ಮಳೆಯಿರಲಿ, ಆಕಾಶವೇ ಹರಿದು ಬೀಳಲಿ. ಆ ಭಾನುವಾರ ಹಿಂಗಾರಿನ ನಟ್ಟನಡುವೆ ಬರುವುದರಿಂದ ಮಳೆ ತಪ್ಪುವುದೂ ಅಪರೂಪ. ಕೈಯಲ್ಲಿ ಒಳ್ಳೆಯ ಕೊಡೆ ಹಿಡಿದ ಇಪ್ಪತ್ತು ಇಪ್ಪತ್ತೈದು ಜನ ಗಂಡಸರು ತೊಪ್ಪೆಯಾಗಿ ನೆನೆಯುತ್ತ ಸಾಲಾಗಿ ಹೋಗುವುದನ್ನು ನೋಡಲು ಟೀ ಅಂಗಡಿಗಳ ಮುಂದೆ ಜನ ಜಾಗ ಹಿಡಿದು ನಿಂತಿರುತ್ತಿದ್ದರು.

ಕೊಡೆ ರಿಪೇರಿಯವನಾದ ನಾನು ಬಿಚ್ಚದ ಕೊಡೆಯವರ ಸಂಘದಲ್ಲಿ ಇರಲಿಲ್ಲ. ಕಾರಣ ನಮ್ಮಪ್ಪ.

ಅಪ್ಪ ಯಾಕೋಬಪ್ಪ ಸಂಘದ ಹಾರ್ಮೋನಿಯಂ ಬಾರಿಸುತ್ತಿದ್ದವರು. ಹಾರ್ಮೋನಿಯಂಗೆ ಒಂದು ಪಟ್ಟಿ ಕಟ್ಟಿ ಕತ್ತಿಗೆ ನೇತುಹಾಕಿಕೊಂಡು, ಕೊಡೆಯನ್ನು ಕಂಕುಳಲ್ಲಿ ಅವುಚಿಕೊಂಡು ನಡೆಯುತ್ತಿದ್ದರು. ನಾನು ಚಿಕ್ಕವನಿದ್ದಾಗ ಒಂದು ವರ್ಷ ಮಳೆ ಎಂಥದು ಬಂತೆಂದರೆ ಹಾರ್ಮೋನಿಯಂನ ಸಂದುಗಳಿಂದ ನೀರಿಳಿದು ಅದು ಎಮ್ಮೆಯ ಹಾಗೆ ಕೂಗತೊಡಗಿತು. ಅಪ್ಪ ನಿಂತರು. ಕೊಡೆ ಬಿಚ್ಚಿದರು. ತಮ್ಮ ತಲೆಗೆ ಹಿಡಿಯಲಿಲ್ಲ, ಹಾರ್ಮೋನಿಯಂಗೆ ಹಿಡಿದರು. ಅಂದೇ ಸಂಘ ಸೇರಿ ಅವರ ಹೆಸರನ್ನು ತೆಗೆದುಹಾಕಿತು. ಸಂಘದ ಹಾಲಿನಲ್ಲಿ ಸದಸ್ಯರ ಹೆಸರು ಬರೆದ ದೊಡ್ಡ ಹಸಿರು ಹಲಗೆಯಿದೆ. ಅದರಲ್ಲಿ ಅಪ್ಪನ ಹೆಸರಿನ ಮೇಲೆ ಹಸಿರು ಬಣ್ಣ ಬಳಿದರು. ಹಲಗೆಯ ಉಳಿದ ಬಣ್ಣ ಮಾಸಿ, ಬಳಿದದ್ದು ಮಾತ್ರ ಗಾಢವಾಗಿ ಉಳಿದು, ಕೊನೆಗೆ ಇಡೀ ಹಲಗೆಯಲ್ಲಿ ಎದ್ದು ಕಾಣುತ್ತಿದ್ದದ್ದು ಅಪ್ಪನ ಹೆಸರಿಲ್ಲದ ಜಾಗವೊಂದೇ.

ಹೆಸರು ತೆಗೆದರೂ ಹಾರ್ಮೋನಿಯಂ ತೆಗೆಯಲಿಲ್ಲ. ಬಾರಿಸಲು ಬೇರೆಯವರಿಗೆ ಬರಬೇಕಲ್ಲ. ಹೀಗಾಗಿ ಅಪ್ಪ ಸಾಯುವವರೆಗೂ ಮೆರವಣಿಗೆಯ ಹಿಂದೆ ಹತ್ತು ಮಾರು ದೂರದಲ್ಲಿ, ಕೊಡೆಯಿಲ್ಲದೆ, ಬಾರಿಸಿಕೊಂಡು ಬರುತ್ತಿದ್ದರು. ದೂರ ಹೆಚ್ಚಾಗಿ ಹಾಡು ಮುಂದೆ, ಸ್ವರ ಹಿಂದೆ ಆಗುತ್ತಿತ್ತು. ನನ್ನನ್ನು ಶಾಲೆಯಲ್ಲಿ 'ಕೊಡೆ ಬಿಚ್ಚಿದೋನ್ ಮಗ' ಎಂದು ಕರೆಯುತ್ತಿದ್ದರು. ಶಾಲೆ ಬಿಟ್ಟಿದ್ದು ಅದಕ್ಕಲ್ಲ ಎಂದು ಈಗಲೂ ಹೇಳುತ್ತೇನೆ. ಗುಂಡ್ಲುಪೇಟೆಯ ಜಬ್ಬಾರ್ ಸಾಬರ ಕೊಡೆ ಅಂಗಡಿಗೆ ಕೆಲಸ ಕಲಿಯಲು ಸೇರಿದ್ದು ಕೂಡ ಅದಕ್ಕಲ್ಲ. ಕರುಣ ಮಾತ್ರ ಇದನ್ನು ಒಪ್ಪುವುದಿಲ್ಲ. "ಲೋಕದಲ್ಲಿ ಬೇರೆ ಕಸುಬೇ ಇರ್ಲಿಲ್ವಾ?" ಅನ್ನುತ್ತಾಳೆ.

ಎರಡು ಸಾವಿರದ ಐದೋ ಆರೋ ಇರಬೇಕು. ಮೂರು ಮಡಿಕೆಯ ಕೊಡೆಗಳು ಬಂದು ನಮ್ಮ ಹೊಟ್ಟೆಯ ಮೇಲೆ ಹೊಡೆಯಲು ಶುರುಮಾಡಿದ್ದ ಕಾಲ. ಸಂಘದ ಹಾಲಿಗೆ ಹೊಸ ಗಾರೆ, ಹೊಸ ಬಣ್ಣ ಮಾಡಿಸುತ್ತಿದ್ದರು. ಹಲಗೆಯನ್ನೂ ಇಳಿಸಿ, ಉಜ್ಜಿ, ಎಲ್ಲ ಹೆಸರನ್ನೂ ಹೊಸದಾಗಿ ಬರೆಸುತ್ತಾರೆಂದು ಸುದ್ದಿ ಬಂತು. ಅಪ್ಪನ ಹೆಸರು ಬರೆಸಬೇಕಾದರೆ ಇದೇ ಹೊತ್ತು. ಈಗ ತಪ್ಪಿದರೆ ಆ ಖಾಲಿ ಜಾಗವೂ ಇರುವುದಿಲ್ಲ, ಅಪ್ಪ ಆ ಸಂಘದಲ್ಲಿ ಇದ್ದರೆಂಬ ಗುರುತೇ ಅಳಿದುಹೋಗುತ್ತದೆ. ಸಂಘದ ಅಧ್ಯಕ್ಷರು ಪ್ರಭುದಾಸ ಮೇಷ್ಟ್ರು. ನನಗೆ ಆರನೇ ಕ್ಲಾಸಿನಲ್ಲಿ ಪಾಠ ಹೇಳಿದವರು, ಸಂಘ ಕಟ್ಟಿದ ಜ್ಞಾನಪ್ಪ ಉಪದೇಶಿಗಳ ಮೊಮ್ಮಗ. ನಾನು ಹೋಗಿ ಕೈಕಟ್ಟಿ ನಿಂತೆ.

"ನಿಮ್ಮಪ್ಪ ಒಳ್ಳೆಯವನೇ" ಅಂದರು ಮೇಷ್ಟ್ರು. "ಆದರೆ ನಮ್ಮ ಹೆಸರಿಗಿರುವ ಅರ್ಥಕ್ಕೇ ವಿರುದ್ಧವಾಗಿ ನಡೆದುಕೊಂಡ."

"ಏನ್ ಅರ್ಥ ಸಾ ಅದು?"

"ಸರ್ವಶಕ್ತನ ನೆರಳೇ ನಮಗೆ ಕೊಡೆ. ಅದರ ಕೆಳಗೆ ನಿಂತು ಇನ್ನೊಂದು ಕೊಡೆ ಬಿಚ್ಚಿದರೆ ಅವನ ಕೊಡೆ ಸೋರುತ್ತೆ ಅಂತ ಹೇಳಿದ ಹಾಗಾಯ್ತಲ್ಲಪ್ಪ."

"ಹಂಗಿದ್ರೆ ಕೊಡೆ ಹಿಡ್ಕೊಳೋದಾದ್ರೂ ಯಾಕೆ ಸಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಶಾಲೆಯಲ್ಲೂ ಉತ್ತರ ಗೊತ್ತಿಲ್ಲದಾಗ ಹಾಗೇ ಮಾಡುತ್ತಿದ್ದರು. ಆಮೇಲೆ ಹೇಳಿದರು, "ಒಂದು ಕೆಲಸ ಮಾಡು. ಈ ಹೆಸರು ಎಲ್ಲಿಂದ ಬಂತು, ಇದರ ಅರ್ಥ ಏನು, ತಿಳ್ಕೊಂಡು ಬರೆದು ತಾ. ಬಿಚ್ಚಿದ್ದು ತಪ್ಪಲ್ಲ ಅನ್ನೋ ಅರ್ಥ ಸಿಕ್ಕಿದರೆ ಸಂಘದ ಮುಂದೆ ಇಡ್ತೀನಿ. ಮಾರ್ಜಿನ್ ಬಿಟ್ಟು ಬರಿ."

ಮೊದಲು ಹಿಡಿದದ್ದು ಡೇವಿಡಣ್ಣನನ್ನು. ಅವನು ಸಂಘದ ಕಾರ್ಯದರ್ಶಿ, ಸಂತೆಮರಹಳ್ಳಿ ಕಡೆಗೆ ಬಸ್ಸು ಓಡಿಸುತ್ತಿದ್ದ. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು.

"ಅದು ಕೊಡೆಯೇ ಅಲ್ಲ ಕಣ್ಲಾ ಯೋಹಾನ" ಅಂದ. "ಕುರುಬನ ಕೋಲು ಅದು. ಸಭೆ ಅಂದ್ರೆ ಕುರಿ ಹಿಂಡು, ನಾವು ಕಾಯೋರು. ಕೋಲ ಯಾರಾದ್ರೂ ಬಿಚ್ಚತಾರಾ?"

"ಕೋಲೇ ಹಿಡಿಬೋದಿತ್ತಲ್ಲಣ್ಣ."

"ಇಪ್ಪತ್ತೈದ್ ಜನ ಗಂಡಸ್ರು ಕೋಲ್ ಹಿಡ್ಕಂಡು ಬಜಾರಲ್ಲಿ ಹೋದ್ರೆ ಪೊಲೀಸ್ನೋರು ಬುಡ್ತಾರೇನ್ಲಾ? ಕೊಡೆ ಆದ್ರೆ ಕೇಳಕಿಲ್ಲ."

ಅದೇ ಬಸ್ಸಿನಲ್ಲಿ ಸಂತೆಮರಹಳ್ಳಿಗೆ ಹೋದೆ. ಅಲ್ಲಿ ಸಂಘದ ಎಲ್ಲರಿಗಿಂತ ಹಿರಿಯರಾದ ಮೋಸೆಸ್ ತಾತ ಇದ್ದರು. ಅವರು ಜಗಲಿಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದರು. ಅರ್ಥ ಕೇಳಿದ್ದಕ್ಕೆ ಕುಟ್ಟುವುದನ್ನು ನಿಲ್ಲಿಸಿದರು.

"ಅರಸ್ರು ಬರೋವಾಗ ಮಿಕ್ಕೋರು ಕೊಡೆ ಬಿಚ್ಚಕೂಡದು ಕಣಪ್ಪ. ಬಿಚ್ಚಿದ ಕೊಡೆ ಅಂದ್ರೆ ಅರಸ್ರುದೊಂದೇ. ಅದ್ಕೇ ನಮ್ಮೋರು ಮುಚ್ಕಂಡ್ರು."

"ಅರಸ್ರು ಯಾವಾಗ ಬಂದಿದ್ರು ತಾತ?"

"ಬರ್ನಿಲ್ಲ. ಎಲ್ಲಾದ್ರೂ ಬಂದ್ಬುಟ್ಟಾರು ಅಂತ ಮುಚ್ಚೇ ಮಡಗವ್ರೆ."

ಹೀಗೆ ಒಂದು ವಾರದಲ್ಲಿ ಒಂಬತ್ತು ಅರ್ಥಗಳು ಸಿಕ್ಕವು. ಒಂದರಲ್ಲೂ ಅಪ್ಪನಿಗೆ ಜಾಗವಿರಲಿಲ್ಲ. ಹತ್ತನೆಯದನ್ನು ನಾನೇ ಕಟ್ಟಿಬಿಡೋಣ ಎನಿಸಿತು, ಆದರೆ ಕೈಕೆಲಸದಲ್ಲಿ ಮೋಸ ಮಾಡದವನಿಗೆ ಬಾಯಲ್ಲಿ ಮಾಡಲು ಬರಲಿಲ್ಲ. ಕಡೆಗೆ ಗುಂಡ್ಲುಪೇಟೆಗೆ ಹೋಗಿ ನನ್ನ ಗುರು ಜಬ್ಬಾರ್ ಸಾಬರ ಮುಂದೆ ಕೂತೆ. ಕಣ್ಣು ಮಂಜಾಗಿದ್ದರೂ ಅವರು ಕಡ್ಡಿಗೆ ಬಟ್ಟೆ ಹೊಲಿಯುವುದನ್ನು ಬಿಟ್ಟಿರಲಿಲ್ಲ. ಬೆರಳಿಗೆ ಕಣ್ಣಿತ್ತು. ಭೀಮನಬೀಡಿನ ರೈತನೊಬ್ಬ ತಂದ, ಎತ್ತು ತುಳಿದ ಕೊಡೆಯೊಂದು ಅವರ ತೊಡೆಯ ಮೇಲಿತ್ತು.

ನಾನು ಒಂಬತ್ತು ಅರ್ಥಗಳನ್ನೂ ಹೇಳಿದೆ. ಸಾಬರು ನಕ್ಕು ನಕ್ಕು ಸೂಜಿ ಬೀಳಿಸಿಕೊಂಡರು.

"ಮನುಷ್ಯರ್ನ ಏನ್ ಕೇಳ್ತೀಯೋ ಬೇಟಾ? ಕೊಡೆನ ಕೇಳು. ನಿಮ್ ಜ್ಞಾನಪ್ಪ ಉಪದೇಶಿದು ಕೊಡೆ ನಮ್ ಅಬ್ಬಾ ನೋಡಿದ್ರು. ಇಲ್ಲೇ, ಇದೇ ಕಟ್ಟೆ ಮೇಲೆ."

ಸಾಬರು ಹೇಳಿದ್ದು ಇಷ್ಟು. ಉಪದೇಶಿಗಳಿಗೆ ಆ ಕೊಡೆ ಬಂದದ್ದು ಊರು ಬಿಟ್ಟು ಹೋಗುವ ಬಿಳಿಯ ದೊರೆಯೊಬ್ಬನಿಂದ. ಕೊಡುವಾಗಲೇ ಕಡ್ಡಿಗಳು ತುಕ್ಕು ತಿಂದು ಹೋಗಿದ್ದವು. ಉಪದೇಶಿಗಳು ಬಡವರು, ಮಾನಿಷ್ಠರು. ಸಾಬರ ಅಬ್ಬಾ "ಬಿಟ್ಟಿ ಕಡ್ಡಿ ಹಾಕ್ಕೊಡ್ತೀನಿ ಕೊಡಿ" ಅಂದರೆ, "ಕೊಡೆ ಚೆನ್ನಾಗೇ ಇದೆ, ಬಿಚ್ಚಲು ಮನಸ್ಸಿಲ್ಲ ಅಷ್ಟೇ" ಅಂದರಂತೆ. ಸುರಿಯುವ ಮಳೆಯಲ್ಲಿ ಹಾಗಂದರಂತೆ.

"ಅವ್ರ್ ಜೊತೆ ಹತ್ತು ಜನ ಬಂದಿದ್ರು" ಅಂದರು ಸಾಬರು. "ಅವ್ರದು ಕೊಡೆ ಎಲ್ಲಾ ಫಸ್ಟ್ ಕ್ಲಾಸ್, ನಮ್ ಅಬ್ಬಾನೇ ರಿಪೇರಿ ಮಾಡಿದ್ದು. ಒಬ್ರೂ ಬಿಚ್ಲಿಲ್ಲ. ಬಿಚ್ಚಿದ್ರೆ ಉಪದೇಶಿದು ಬಿಚ್ಚಲ್ಲ ಅಂತ ಗೊತ್ತಾಗ್ತದಲ್ಲ. ಹತ್ತು ಜನಾನೂ ನೆನ್ಕೊಂಡ್ ಹೋದ್ರು. ಬಜಾರ್ ಜನ ನಕ್ಕಿದ್ದೇ ನಕ್ಕಿದ್ದು, 'ಕೊಡೆಯವ್ರು ಹೋಗ್ತಾವ್ರೆ ನೋಡ್ರೋ' ಅಂತ. ಅದೇ ನಿಮ್ ಹೆಸ್ರು. ಇನ್ನೇನ್ ಅರ್ಥ ಬೇಕು?"

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಪ್ಪನ ಕಾಲಕ್ಕೆ ಎಲ್ಲರ ಕೊಡೆಯೂ ಬಿಚ್ಚುತ್ತಿತ್ತು. ಮುಚ್ಚಿಕೊಳ್ಳಬೇಕಾದ ಮಾನ ಯಾರದೂ ಇರಲಿಲ್ಲ. ಹಾಗಿದ್ದ ಮೇಲೆ ಬಿಚ್ಚಿದ್ದು ತಪ್ಪಾಗುವುದು ಹೇಗೆ? ಅರ್ಥ ಸಿಕ್ಕಿತ್ತು. ಆದರೆ ಕಣ್ಣಾರೆ ಕಾಣದೆ ಬರೆಯುವವನು ನಾನಲ್ಲ. ಉಪದೇಶಿಗಳ ಕೊಡೆ ಸಂಘದ ಹಾಲಿನಲ್ಲಿದ್ದ ಗಾಜಿನ ಪೆಟ್ಟಿಗೆಯಲ್ಲಿ ಹಾರ ಹಾಕಿಸಿಕೊಂಡು ಮಲಗಿತ್ತು. ಮೇಷ್ಟ್ರ ಬಳಿ ಹೋಗಿ, ಬಟ್ಟೆಗೆ ಹುಳು ಬಿದ್ದಿದೆ, ಹಾಲಿನ ಜೊತೆ ಅದನ್ನೂ ಹೊಸದು ಮಾಡಿಕೊಡುತ್ತೇನೆ ಅಂದೆ. ಹುಳು ಬಿದ್ದಿದ್ದು ನಿಜವೇ.

"ರಿಪೇರಿ ಮಾಡು. ಆದರೆ ಬಿಚ್ಚಕೂಡದು" ಅಂದರು.

ಕ್ಷೌರದವನಿಗೆ ತಲೆ ಮುಟ್ಟದೆ ಕ್ಷೌರ ಮಾಡು ಎಂದ ಹಾಗಾಯಿತು. ಆದರೂ ಆ ಕೊಡೆಯನ್ನು ನಾನು ಬಿಚ್ಚಲಿಲ್ಲ ಎಂದು ಎಲ್ಲಿ ಬೇಕಾದರೂ ಪ್ರಮಾಣ ಮಾಡಬಲ್ಲೆ. ಬಿಚ್ಚಲು ಅದರೊಳಗೆ ಏನೂ ಇರಲಿಲ್ಲ. ಎಂಟು ಕಡ್ಡಿ ಇರಬೇಕಾದ ಕಡೆ ಮೂರಿದ್ದವು. ಆ ಮೂರೂ ಬಟ್ಟೆಗೆ ಅಂಟಿದ್ದವೇ ಹೊರತು ಕೋಲಿಗಲ್ಲ. ಉಳಿದ ಕಡೆ ಬಿದಿರಿನ ಸೀಳು ತುರುಕಿ, ಮುಚ್ಚಿದ ಕೊಡೆ ದಪ್ಪಗೆ ಕಾಣಲೆಂದು ಒಳಗೆ ಚಿಂದಿ ಸುತ್ತಿದ್ದರು. ಸುತ್ತಿದ ಕೈ ಅಚ್ಚುಕಟ್ಟಾಗಿತ್ತು. ಎಷ್ಟು ಸುತ್ತಿದರೆ ಒಳ್ಳೆಯ ಕೊಡೆಯ ಹಾಗೆ ಕಾಣುತ್ತದೆ ಎಂದು ಎಷ್ಟು ಸಲ ಕನ್ನಡಿಯ ಮುಂದೆ ಹಿಡಿದು ನೋಡಿಕೊಂಡಿದ್ದರೋ ಪುಣ್ಯಾತ್ಮರು. ಆ ಚಿಂದಿಯನ್ನು ಬಿಚ್ಚುತ್ತ ಬಿಚ್ಚುತ್ತ ನನಗೆ ಅವರ ಮೇಲೆ ಮರ್ಯಾದೆ ಹೆಚ್ಚಾಯಿತು.

ಆಮೇಲೆ ನಾನು ಮಾಡಿದ್ದು ಬುದ್ಧಿವಂತರ ಕೆಲಸವಲ್ಲ. ಚಿಂದಿ ಮತ್ತೆ ಸುತ್ತಿ ಕೊಟ್ಟಿದ್ದರೆ ಸಾಕಿತ್ತು. ಆದರೆ ಸತ್ತ ಕೊಡೆಯೊಂದು ನನ್ನ ಅಂಗಡಿಯಿಂದ ಸತ್ತಂತೆಯೇ ಹೊರಗೆ ಹೋಗುವುದೆಂದರೆ ನನಗೆ ರಾತ್ರಿ ಊಟ ಸೇರುವುದಿಲ್ಲ. ಎಂಟು ಹೊಸ ಕಡ್ಡಿ ಹಾಕಿದೆ. ಹಳೇ ಕೋಲು ಅದನ್ನು ತಾಳಲಿಲ್ಲ, ಕೋಲು ಬದಲಾಯಿಸಿದೆ. ಹಳೇ ಬಟ್ಟೆ ಕೈಯಲ್ಲೇ ಪುಡಿಯಾಯಿತು, ಗಟ್ಟಿಯಾಗಿ ಉಳಿದ ಒಂದು ತುಂಡನ್ನು ಮೊಳೆಗೆ ಸಿಕ್ಕಿಸಿ ಬಟ್ಟೆ ಬದಲಾಯಿಸಿದೆ. ಕೋಲು ಹೊಸದಾದ ಮೇಲೆ ಕೊಡೆಯನ್ನು ತಡೆದು ನಿಲ್ಲಿಸುವ ಹಳೇ ಕಾಲದ ತಂತಿ ಯಾಕೆಂದು, ಒತ್ತಿದರೆ ಟಪ್ಪೆಂದು ಬಿಚ್ಚುವ ಬಟನ್ನನ್ನೂ ಕೂರಿಸಿದೆ. ಕೊನೆಗೆ ಉಪದೇಶಿಗಳ ಕೊಡೆಯಲ್ಲಿ ಉಪದೇಶಿಗಳದೆಂದು ಉಳಿದದ್ದು ಹಿಡಿ ಒಂದೇ.

"ರೀ, ಬ್ಯಾಡ ಕಣ್ರೀ. ಮಾವಂಗಾದಂಗೆ ನಿಮಗೂ ಆದಾತು" ಎಂದು ಕರುಣ ತಡೆದಳು. ಅಂಗಡಿಯ ಬಾಗಿಲೆಳೆದು ಒಂದೇ ಒಂದು ಸಲ ಒತ್ತಿ ನೋಡಿದೆ. ಅದು ಬಿಚ್ಚಿದ ಶಬ್ದಕ್ಕೆ ಅವಳು ಕಣ್ಣು ಮುಚ್ಚಿಕೊಂಡಳು.

ಕೊಡೆಯನ್ನು ವಾಪಸು ಕೊಡುವಾಗ ಮೇಷ್ಟ್ರು ಒಬ್ಬರೇ ಇದ್ದರು. ಕೈಯಲ್ಲಿ ತೂಗಿ ನೋಡಿದರು. ತೂಕ ಬೇರೆಯಾಗಿದ್ದು ಅವರಿಗೆ ತಿಳಿಯದೆ ಇರಲಿಲ್ಲ.

"ಇದು ಈಗ ಬಿಚ್ಚುತ್ತಾ?" ಮೆಲ್ಲಗೆ ಕೇಳಿದರು.

"ಬಿಚ್ಚುತ್ತೆ ಸಾ."

"ಎಲ್ಲಿ ಒತ್ತಬೇಕು?"

ತೋರಿಸಿದೆ. ಒತ್ತಲಿಲ್ಲ. ಹೆಬ್ಬೆರಳನ್ನು ಅದರ ಮೇಲಿಟ್ಟು ತೆಗೆದರು. "ಈ ವರ್ಷ ಇದನ್ನೇ ಹಿಡೀತೀನಿ. ರಿಪೇರಿ ಮಾಡಿದವನು ನೀನು, ನನ್ನ ಪಕ್ಕದಲ್ಲೇ ನಡಿ" ಅಂದರು.

ಭಾನುವಾರ ಬಂತು. ಮೂರು ಪುಟ ಬರೆದು, ಮಾರ್ಜಿನ್ ಬಿಟ್ಟು, ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದೆ. ಮೆರವಣಿಗೆಯಾದ ಮೇಲೆ ಹಾಲಿನಲ್ಲಿ ಸಭೆ, ಅಲ್ಲಿ ಓದಬೇಕು. ಓದಿದರೆ ಅಪ್ಪನ ಹೆಸರು ಹಲಗೆಗೆ ಬರುತ್ತದೆ. ಓದಿದರೆ ಮೇಷ್ಟ್ರ ತಾತನ ಚಿಂದಿಯೂ ಊರಿಗೆಲ್ಲ ಗೊತ್ತಾಗುತ್ತದೆ. ಈ ಎರಡನೆಯದನ್ನು ಯೋಚಿಸದಿರಲು ನಾನು ಕೀರ್ತನೆಯನ್ನು ಜೋರಾಗಿ ಹಾಡುತ್ತ ನಡೆದೆ.

ಬಜಾರಿನ ತಿರುವಿಗೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ಟೀ ಅಂಗಡಿಯ ಮುಂದಿದ್ದವರು ವರ್ಷ ವರ್ಷದಂತೆ ಉಪಕಾರಕ್ಕೆ ನಿಂತರು.

"ಬಿಚ್ರಣ್ಣೋ, ಅದು ಬಿಚ್ಚತದೆ. ಮ್ಯಾಲಕ್ ನೂಕಿ."

"ನಮ್ ಪಾಡಿಗ್ ನಾವ್ ನೆನಿತೀವಿ, ನಿಮ್ಗೇನ್ಲಾ ಕಷ್ಟ?" ಎಂದು ಡೇವಿಡಣ್ಣ ಹಾಡಿನ ನಡುವೆಯೇ ಉತ್ತರ ಕೊಟ್ಟ. ಅವನ ಜೇಬಿನ ಹೊಸ ಮೊಬೈಲು ನೀರು ಕುಡಿದು ತಾನೇ ತಾನಾಗಿ ಹಾಡತೊಡಗಿತ್ತು.

ನಾನು ಮೇಷ್ಟ್ರನ್ನು ನೋಡುತ್ತಿದ್ದೆ. ಕನ್ನಡಕದ ಮೇಲೆ ನೀರು ಇಳಿಯುತ್ತಿತ್ತು. ಕುತ್ತಿಗೆಪಟ್ಟಿಯೊಳಗೆ ಇಳಿಯುತ್ತಿತ್ತು. ಅವರ ಹೆಬ್ಬೆರಳು ನಿಧಾನವಾಗಿ ಹಿಡಿಯ ಮೇಲೆ ಸರಿಯಿತು. ಬಟನ್ನಿನ ಮೇಲೆ ಕೂತಿತು. ಆಮೇಲೆ ಒತ್ತಿತು.

ಟಪ್.

ಹಾಡು ನಿಂತಿತು. ಟೀ ಅಂಗಡಿಯವರು ಗ್ಲಾಸು ಕೆಳಗಿಟ್ಟರು. ಮೇಷ್ಟ್ರು ಮುಚ್ಚಲು ನೋಡಿದರು. ಬಿಚ್ಚುವುದನ್ನು ತೋರಿಸಿದ್ದೆ, ಮುಚ್ಚುವುದನ್ನು ತೋರಿಸಿರಲಿಲ್ಲ. ನಾನು ಕೈ ಚಾಚಿದರೆ ಡೇವಿಡಣ್ಣ "ಮುಟ್ಬ್ಯಾಡ ಕಣ್ಲಾ, ಸಭೇಲಿ ತೀರ್ಮಾನ ಆಗ್ಲಿ" ಎಂದು ತಡೆದ. ಹೀಗೆ ಸಮಾಧಿ ತೋಟದವರೆಗೂ ಎಲ್ಲರೂ ನೆನೆದುಕೊಂಡು ಹೋದೆವು. ಅಧ್ಯಕ್ಷರೊಬ್ಬರೇ ಒಣಗಿಕೊಂಡು ಬಂದರು.

ಹಾಲಿನಲ್ಲಿ ಹೊಸ ಬಣ್ಣದ ವಾಸನೆ, ಒದ್ದೆ ಅಂಗಿಗಳ ವಾಸನೆ. ಬಿಚ್ಚಿದ ಕೊಡೆಯನ್ನು ಮೇಜಿನ ಮೇಲೆ ಇಟ್ಟಿದ್ದರು. ಅದರಾಚೆ ಕೂತವರ ಮುಖ ಇತ್ತ ಕೂತವರಿಗೆ ಕಾಣುತ್ತಿರಲಿಲ್ಲ. ಡೇವಿಡಣ್ಣ ಎದ್ದು ನಿಂತ.

"ಒಂದೇ ಮಾತು ಸಾ. ನೀವು ಬಿಚ್ಚಿದ್ರೋ, ಅದೇ ಬಿಚ್ಕತೋ? ಬಿಚ್ಚಿದ್ರೆ ನಿಯಮ ನಿಯಮವೇ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ತಾನಾಗಿ ಬಿಚ್ಚಿಕೊಂಡಿತು" ಅಂದರು.

ಇಪ್ಪತ್ತೈದು ಜನ ನನ್ನ ಕಡೆ ತಿರುಗಿದರು. ಜಬ್ಬಾರ್ ಸಾಬರ ಕಟ್ಟೆಯಿಂದ ಎದ್ದು ಬಂದು ಅಂಗಡಿ ಹಾಕಿದಂದಿನಿಂದ ನಾನು ಕೂರಿಸಿದ ಬಟನ್ನು ಒಂದೂ ತಾನಾಗಿ ಬಿಚ್ಚಿಕೊಂಡಿದ್ದಿಲ್ಲ. ಅಷ್ಟನ್ನು ಹೇಳಿ ಜೇಬಿನ ಕಾಗದ ತೆಗೆದರೆ ಮುಗಿಯಿತು. ಮೇಷ್ಟ್ರು ನನ್ನನ್ನು ನೋಡುತ್ತಿರಲಿಲ್ಲ, ಕನ್ನಡಕವನ್ನೇ ಒರೆಸುತ್ತಿದ್ದರು. ಆ ಕನ್ನಡಕದಲ್ಲಿ ಒರೆಸುವಂಥದ್ದು ಏನೂ ಉಳಿದಿರಲಿಲ್ಲ.

"ಸ್ಪ್ರಿಂಗು ಸಡಿಲ ಬುಟ್ಬುಟ್ಟಿದ್ದೆ" ಅಂದೆ. "ನನ್ ಕೈ ತಪ್ಪು."

ತಾನಾಗಿ ಬಿಚ್ಚಿಕೊಂಡ ಕೊಡೆಗೆ ಹಿಡಿದವನು ಹೊಣೆಯಲ್ಲ ಎಂದು ಠರಾವು ಬರೆದರು. ಆಗ ಮೇಷ್ಟ್ರು ತಲೆ ಎತ್ತಿದರು. "ಹಾಗೇ ಇನ್ನೊಂದು ಬರ್ಕೊಳ್ಳಿ. ಯಾಕೋಬಪ್ಪನ ಕೊಡೆಯೂ ಅವತ್ತು ತಾನಾಗೇ ಬಿಚ್ಚಿಕೊಂಡಿತ್ತು. ಹೆಸರು ಹಲಗೆಗೆ ಹಾಕಿ."

ಅಷ್ಟು ಸುಲಭದಲ್ಲಿ ಮುಗಿದುಹೋಗುವುದಿತ್ತು. ಸುಮ್ಮನಿರಬೇಕಾದ ಬಾಯಿ ಸುಮ್ಮನಿರಲಿಲ್ಲ.

"ಇಲ್ಲ ಸಾ. ನಮ್ಮಪ್ಪ ಬೇಕೂಂತ್ಲೇ ಬಿಚ್ಚಿದ್ದು. ನನ್ ಕೈ ತಪ್ಪು ಅಂತ ಬೇಕಾದ್ರೆ ಹತ್ಸಲ ಬರ್ಕಳಿ. ಅವ್ರ ಕೈ ತಪ್ಪಿರ್ನಿಲ್ಲ."

"ಲೇ, ಬಂದಿದ್ದ ಕಳ್ಕತೀಯ, ಕೂತ್ಕ" ಎಂದು ಡೇವಿಡಣ್ಣ ನನ್ನ ಅಂಗಿ ಎಳೆದ. ನಾನು ಕೂರಲಿಲ್ಲ. ಮೇಷ್ಟ್ರು ಈಗ ನನ್ನನ್ನು ನೆಟ್ಟಗೆ ನೋಡಿದರು. ಆರನೇ ಕ್ಲಾಸಿನಲ್ಲಿ ಎದ್ದು ನಿಂತ ಹುಡುಗನನ್ನು ನೋಡಿದ ಹಾಗೆ.

"ಸರಿ. ಹಾರ್ಮೋನಿಯಂ ನೆನೆಯಬಾರದು ಎಂದು ಬೇಕೆಂದೇ ಬಿಚ್ಚಿದರು ಅಂತ ಬರ್ಕೊಳ್ಳಿ. ಹೆಸರು ಹಾಕಿ."

"ಯಾವ ಅರ್ಥದ ಮ್ಯಾಲೆ ಸಾ?" ಡೇವಿಡಣ್ಣನ ಪೆನ್ನು ಗಾಳಿಯಲ್ಲಿ ನಿಂತಿತ್ತು.

"ಅಧ್ಯಕ್ಷರು ಹೇಳಿದರು ಅನ್ನೋ ಅರ್ಥದ ಮೇಲೆ. ಬರಿ."

ಬರೆದ. ಮುಂದಿನ ವಾರ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ಹೆಸರು ಬಂತು, ಹಳೇ ಜಾಗದಲ್ಲೇ. ಕರುಣ ಎರಡು ಸಲ ಹೋಗಿ ನೋಡಿ ಬಂದಳು.

ನನ್ನ ಅಂಗಡಿಗೆ ಮಾತ್ರ ನೊಣವೂ ಬರಲಿಲ್ಲ. 'ಯೋಹಾನ ರಿಪೇರಿ ಮಾಡಿದ ಕೊಡೆ ತಾನಾಗಿ ಬಿಚ್ಚಿಕೊಳ್ಳುತ್ತದಂತೆ' ಎಂಬ ಸುದ್ದಿ ಬದನಗುಪ್ಪೆಯವರೆಗೂ ಹೋಗಿತ್ತು. ಬಸ್ಸಿನಲ್ಲಿ ಬಿಚ್ಚಿಕೊಂಡರೆ ಪಕ್ಕದವರ ಕಣ್ಣಿಗೆ ಚುಚ್ಚುತ್ತದೆಂದು ನಮ್ಮ ಬೀದಿಯವರೇ ಕೊಡೆ ಹಿಡಿದುಕೊಂಡು ಗುಂಡ್ಲುಪೇಟೆಗೆ ಹೋಗತೊಡಗಿದರು. ಮಳೆಗಾಲದ ನಡುವೆ ನಾನು ಬೀಗ ರಿಪೇರಿ ಮಾಡುತ್ತ ಕೂತೆ.

ಒಂದು ಸಂತೆಯ ದಿನ ಬೆಳಗ್ಗೆ ಪ್ರಭುದಾಸ ಮೇಷ್ಟ್ರು ಉಪದೇಶಿಗಳ ಕೊಡೆ ಹಿಡಿದು ಬಂದರು. ನನ್ನ ಸ್ಟೂಲನ್ನು ತಾವೇ ಎಳೆದು, ಅಂಗಡಿಯ ಹೊರಗೆ, ಜನ ಓಡಾಡುವ ಕಡೆ ಹಾಕಿಕೊಂಡು ಕೂತರು.

"ಏನಾಗದೆ ಸಾ ಅದ್ಕೆ?"

"ಏನೂ ಆಗಿಲ್ಲ. ಮುಚ್ಚೋದು ಹೇಗೆ, ಅದೊಂದು ತೋರಿಸು."

ತೋರಿಸಿದೆ. ಮೇಷ್ಟ್ರು ಒತ್ತಿದರು, ಬಿಚ್ಚಿತು. ಮುಚ್ಚಿದರು. ತಲೆಕೆಳಗು ಮಾಡಿ ಅಲ್ಲಾಡಿಸಿದರು, ನೆಲಕ್ಕೆ ಕುಟ್ಟಿದರು, ಬಿಚ್ಚಲಿಲ್ಲ. ಮತ್ತೆ ಒತ್ತಿದರು, ಬಿಚ್ಚಿತು. ತರಕಾರಿ ಚೀಲ ಹಿಡಿದವರು ನಿಂತರು. ಟೀ ಅಂಗಡಿಯವರು ಗ್ಲಾಸು ಹಿಡಿದೇ ಬಂದರು. ಡೇವಿಡಣ್ಣನೂ ಬಸ್ಸು ನಿಲ್ಲಿಸಿ ಇಳಿದು ಬಂದ. ಮೇಷ್ಟ್ರು ಅವನನ್ನು ನೋಡಿದರೂ ನಿಲ್ಲಿಸಲಿಲ್ಲ. ಕೊಡೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಶಾಲೆಯ ಗಂಟಲಿನಲ್ಲಿ ಹೇಳಿದರು:

"ಸರಿಯಾಗಿ ನೋಡ್ಕೊಳ್ಳಿ. ಒತ್ತದೆ ಇದು ಬಿಚ್ಚೋದಿಲ್ಲ."